ಶಿಕ್ಷಕರ ಸ್ವಾಧ್ಯಾಯ: ಮಕ್ಕಳ ವಿಚಾರಶಕ್ತಿ ಹಾಗೂ ಕಲಿಕೆಯನ್ನು ಕುರಿತ ವ್ಯಾಸಂಗದ ಒಂದು ಕ್ರಮ

1. ವಿಷಯಪ್ರವೇಶ

ಮಕ್ಕಳು ಹೇಗೆ ವಿಚಾರ ಮಾಡುತ್ತಾರೆ, ಕಲಿತದ್ದು ಅವರಲ್ಲಿ ಹೇಗೆ ನೆಲೆಗೊಳ್ಳುತ್ತದೆ, ನೆಲೆಗೊಂಡಂತೆ ತೋರಿದ್ದು ಏಕೆ ಮರೆತುಹೋಗುತ್ತದೆ ಎಂಬಿವು ಶಿಕ್ಷಕವೃತ್ತಿಯ ಮೂಲಪ್ರಶ್ನೆಗಳು. ತರಬೇತಿಯ ಅವಧಿಯಲ್ಲಿ ಪ್ರತಿಯೊಬ್ಬ ಶಿಕ್ಷಕರೂ ಇವನ್ನು ಕುರಿತು ಕೆಲಮಟ್ಟಿಗೆ ಓದಿರುತ್ತಾರೆ. ಆದರೆ ಆ ಓದು ಬಹುಮಟ್ಟಿಗೆ ಪರೀಕ್ಷೆಗಾಗಿ ನಡೆದುದು; ಆಗ ಅವರೆದುರಿಗೆ ಮಕ್ಕಳು ಇರಲಿಲ್ಲ. ಮಕ್ಕಳು ಎದುರಿಗೆ ಬಂದು ಕುಳಿತ ಮೇಲೆ ಓದು ನಿಂತಿರುತ್ತದೆ. ಮುಂದೆ ಮೂವತ್ತು ವರ್ಷಗಳಷ್ಟು ದೀರ್ಘವಾದ ಸೇವಾವಧಿಯಲ್ಲಿ ಪಠ್ಯಪುಸ್ತಕಗಳು ಹಲವು ಬಾರಿ ಬದಲಾಗುತ್ತವೆ, ಸುತ್ತೋಲೆಗಳು ನೂರಾರು ಬರುತ್ತವೆ. ಮಗುವಿನ ಮನಸ್ಸನ್ನು ಕುರಿತ ತಿಳಿವಳಿಕೆ ಮಾತ್ರ ಪರೀಕ್ಷೆಯ ದಿನ ಇದ್ದಲ್ಲಿಯೇ ಉಳಿಯುತ್ತದೆ.

ಸ್ವಾಧ್ಯಾಯವೆಂಬುದು ನಮಗೆ ಹೊಸ ಮಾತಲ್ಲ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಸ್ವಾಧ್ಯಾಯವನ್ನೂ ಪ್ರವಚನವನ್ನೂ, ಅಂದರೆ ತಾನು ಓದುವುದನ್ನೂ ಪರರಿಗೆ ಹೇಳಿಕೊಡುವುದನ್ನೂ, ಜೋಡಿಯಾಗಿಯೇ ವಿಧಿಸಲಾಗಿದೆ. ಒಂದನ್ನು ಬಿಟ್ಟರೆ ಇನ್ನೊಂದು ಸೊರಗುವುದೆಂಬ ಅನುಭವ ಈ ವಿಧಿಯ ಹಿಂದೆ ಇರಬೇಕೆಂದು ನಾವು ಭಾವಿಸುತ್ತೇವೆ. ಶಿಕ್ಷಕರು ಯಾರ ಆಜ್ಞೆಯೂ ಇಲ್ಲದೆ, ಯಾವ ಪ್ರಮಾಣಪತ್ರದ ಆಸೆಯೂ ಇಲ್ಲದೆ, ತಾವಾಗಿ ಕೈಕೊಳ್ಳುವ ಇಂಥ ಓದು ಏಕೆ ಬೇಕು, ಅದನ್ನು ಯಾವ ಕ್ರಮದಿಂದ ನಡೆಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸುತ್ತೇವೆ. ಚರ್ಚೆಯು ಗಾಳಿಯ ಮೇಲೆ ನಿಲ್ಲಬಾರದೆಂದು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕನ್ನು ದೃಷ್ಟಿಯಲ್ಲಿರಿಸಿಕೊಂಡಿದ್ದೇವೆ.

2. ಹಿಂದಿನ ಒಂದು ಪ್ರಯತ್ನ

ಬೀಳಗಿಯು 1956ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ ವಿಜಾಪುರ ಜಿಲ್ಲೆಯಲ್ಲಿತ್ತು. ನೆರೆಯ ಜಮಖಂಡಿ ಹಾಗೂ ಮುಧೋಳಗಳು 1948ರಲ್ಲಿ ವಿಲೀನವಾಗುವ ತನಕ ಬೇರೆ ಬೇರೆ ಸಂಸ್ಥಾನಗಳಾಗಿದ್ದವು. ಆಡಳಿತವು ಹೀಗೆ ಹರಿದು ಹಂಚಿಹೋಗಿದ್ದ ಈ ಭಾಗದಲ್ಲಿ ಕನ್ನಡ ಶಿಕ್ಷಣಕ್ಕೆ ಕೇಂದ್ರವಾಗಿ ನಿಂತದ್ದು ಧಾರವಾಡ. ಅಲ್ಲಿ ‘ಡೆಪ್ಯೂಟಿ’ ಎಂದೇ ಹೆಸರಾದ ಚನ್ನಬಸಪ್ಪನವರ ಕಾಲದಲ್ಲಿ, 1865ರಲ್ಲಿ, ‘ಮಠಪತ್ರಿಕೆ’ ಎಂಬ ಮಾಸಪತ್ರಿಕೆಯು ಆರಂಭವಾಯಿತು. ಆ ದಿನಗಳಲ್ಲಿ ಮಠವೆಂದರೆ ಶಾಲೆ. ಮುಂದೆ ಅದು ಶಾಲಾಪತ್ರಿಕೆಯೆಂದೂ ಅನಂತರ ‘ಜೀವನ ಶಿಕ್ಷಣ’ವೆಂದೂ ಹೆಸರನ್ನು ಬದಲಿಸಿಕೊಂಡು ಒಂದೂವರೆ ಶತಮಾನವನ್ನು ದಾಟಿ ಬಂದಿದೆ.

ಈ ಸಂಗತಿಯಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ದೂರದ ಊರಿನಲ್ಲಿ ಒಂಟಿಯಾಗಿ ಕೆಲಸಮಾಡುವ ಶಿಕ್ಷಕರು ತರಬೇತಿ ಶಾಲೆಗೆ ಮತ್ತೆ ಮತ್ತೆ ಬರಲಾರರು. ಆದುದರಿಂದ ತರಬೇತಿಯ ಸಾರವೇ ಅಚ್ಚಾಗಿ, ಅವರ ಭಾಷೆಯಲ್ಲಿಯೇ, ಅವರಿದ್ದಲ್ಲಿಗೆ ಹೋಗಬೇಕು. ಕನ್ನಡದಲ್ಲಿ ನಿಯತಕಾಲಿಕಗಳೇ ವಿರಳವಾಗಿದ್ದ ಕಾಲದಲ್ಲಿ ಶಿಕ್ಷಕರಿಗಾಗಿ ಒಂದು ಮಾಸಪತ್ರಿಕೆ ಹುಟ್ಟಿತೆಂಬುದು ಅವರ ಓದಿಗೆ ಹಿರಿಯರು ಕೊಟ್ಟ ಮಹತ್ವವನ್ನು ತೋರಿಸುತ್ತದೆ.

ಈಚಿನ ಉದಾಹರಣೆಯೊಂದನ್ನೂ ಇಲ್ಲಿ ಸ್ಮರಿಸಬಹುದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ತಮ್ಮ ಮಕ್ಕಳಿಗೆ ಒಪ್ಪುವಂತೆ ಚಟುವಟಿಕೆಗಳನ್ನು ರಚಿಸಿದರು. ಅದೇ ‘ನಲಿ-ಕಲಿ’ಯಾಗಿ ಮುಂದೆ ರಾಜ್ಯವನ್ನೆಲ್ಲ ವ್ಯಾಪಿಸಿತು. ಹಿಂದುಳಿದ ತಾಲೂಕೊಂದರ ಶಿಕ್ಷಕರಿಂದ ಹೊಸ ವಿಚಾರ ಹುಟ್ಟಲಾರದೆಂಬ ಭ್ರಮೆಗೆ ಇದು ತಕ್ಕ ಉತ್ತರ.

3. ಬೀಳಗಿಯ ಪರಿಸರ ಮತ್ತು ಓದಿನ ಅಗತ್ಯ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಇವೆರಡರ ನಡುವಿನ ಪ್ರದೇಶ ಬೀಳಗಿ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಿಂದ ಈ ತಾಲೂಕಿನ ಹಲವು ಹಳ್ಳಿಗಳು ನೆಲೆ ಬದಲಿಸಬೇಕಾಯಿತು. ಊರಿನೊಡನೆ ಶಾಲೆಯೂ ಸ್ಥಳಾಂತರಗೊಂಡಿತು. ಜೋಳ, ಕಬ್ಬುಗಳ ಬೇಸಾಯ ಇಲ್ಲಿಯ ಮುಖ್ಯ ಜೀವನೋಪಾಯ. ಅನತಿದೂರದ ರಬಕವಿ-ಬನಹಟ್ಟಿಗಳಲ್ಲಿ ಮಗ್ಗವೇ ಮನೆತನದ ಆಧಾರ. ಇಂಥ ಮನೆಗಳಿಂದ ಬರುವ ಮಕ್ಕಳು ಬರಿಗೈಯಲ್ಲಿ ಶಾಲೆಗೆ ಬರುವುದಿಲ್ಲ. ಸಂತೆಯ ಲೆಕ್ಕ, ಎತ್ತು-ಎಮ್ಮೆಗಳ ಸ್ವಭಾವ, ನೂಲಿನ ಎಣಿಕೆ, ಹೊಳೆಯ ಏರಿಳಿತ ಇವೆಲ್ಲ ಅವರ ಅನುಭವದಲ್ಲಿ ಇರುತ್ತವೆ.

ಆದರೂ ಇದೇ ಮಗು ಹಲಗೆಯ ಮುಂದೆ ನಿಂತಾಗ ತಡವರಿಸುವುದುಂಟು. ಆಗ ಶಿಕ್ಷಕರ ಮುಂದೆ ಎರಡು ದಾರಿಗಳಿರುತ್ತವೆ. ಮಗುವು ದಡ್ಡನೆಂದು ನಿರ್ಣಯಿಸುವುದು ಮೊದಲನೆಯದು. ಇದಕ್ಕೆ ಯಾವ ಓದೂ ಬೇಕಾಗಿಲ್ಲ. ಮಗುವು ಯಾವ ವಿಚಾರಸರಣಿಯಿಂದ ಈ ಉತ್ತರಕ್ಕೆ ಬಂದಿತೆಂದು ಕೇಳಿಕೊಳ್ಳುವುದು ಎರಡನೆಯದು. ಇದಕ್ಕೆ ತಾಳ್ಮೆಯೊಂದೇ ಸಾಲದು, ತಿಳಿವಳಿಕೆಯೂ ಬೇಕು. ಮೊದಲನೆಯ ದಾರಿಯನ್ನು ಹಿಡಿದಾಗ ಮಗುವಿಗಾಗುವ ನಷ್ಟವು ಬಹುಕಾಲ ಉಳಿಯುವಂಥದು. ‘ನನಗೆ ಲೆಕ್ಕ ಬರುವುದಿಲ್ಲ’ ಎಂದು ಎಂಟನೆಯ ವಯಸ್ಸಿನಲ್ಲಿ ನಂಬಿದ ಮಗುವು ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟರೆ ಆಶ್ಚರ್ಯವಿಲ್ಲ. ಸ್ವಾಧ್ಯಾಯವು ಶಿಕ್ಷಕರ ಖಾಸಗಿ ಹವ್ಯಾಸವಲ್ಲ, ಮಗುವಿನ ಭವಿಷ್ಯಕ್ಕೆ ಸಂಬಂಧಿಸಿದ ವಿಷಯ ಎಂದು ನಾವು ಹೇಳುವುದು ಇದಕ್ಕಾಗಿ.

4. ಓದು ತರಗತಿಗೆ ಕೊಡುವ ಬೆಳಕು: ನಾಲ್ಕು ನಿದರ್ಶನಗಳು

(ಅ) ಸಂತೆಯ ಲೆಕ್ಕ ಮತ್ತು ಶಾಲೆಯ ಲೆಕ್ಕ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಸರಕು ಮಾರುವ, 9ರಿಂದ 15 ವರ್ಷದ ಐವರು ಮಕ್ಕಳನ್ನು ಟೆರೆಝಿನ್ಯಾ ಕರಾಹರ್ ಮತ್ತು ಅವರ ಸಂಗಡಿಗರು ಪರಿಶೀಲಿಸಿದರು; ವರದಿಯು 1985ರಲ್ಲಿ ಪ್ರಕಟವಾಯಿತು. ಗಿರಾಕಿಗಳಂತೆ ಹೋಗಿ ಕೇಳಿದ 63 ಲೆಕ್ಕಗಳಲ್ಲಿ ಮಕ್ಕಳು ನೂರಕ್ಕೆ 98ರಷ್ಟನ್ನು ಸರಿಯಾಗಿ ಮಾಡಿದರು. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಲ್ಲಿ ಕೊಟ್ಟಾಗ ಸರಿಯಾದವು ನೂರಕ್ಕೆ 37 ಮಾತ್ರ. 35 ಕ್ರುಝೆರೋ ಬೆಲೆಯ ನಾಲ್ಕು ತೆಂಗಿನಕಾಯಿಗಳಿಗೆ ಎಷ್ಟಾಗುವುದೆಂದು ಕೇಳಿದಾಗ 12 ವರ್ಷದ ಒಂದು ಮಗು, ಮೂರಕ್ಕೆ 105, ಅದಕ್ಕೆ ಮತ್ತೊಂದರ ಬೆಲೆಯನ್ನು ಕೂಡಿಸಿ 140 ಎಂದು ಹೇಳಿತು. ಕಾಗದದ ಮೇಲೆ 35 × 4 ಎಂದು ಕೊಟ್ಟಾಗ ಅದೇ ಮಗು 200 ಎಂದು ಬರೆಯಿತು. ನಾಲ್ಕೈದಲೆ ಇಪ್ಪತ್ತು, ಕೈಯಲ್ಲಿ ಉಳಿದ 2ನ್ನು 3ಕ್ಕೆ ಮೊದಲೇ ಕೂಡಿಸಿ, ಬಂದ 5ನ್ನು ನಾಲ್ಕರಿಂದ ಗುಣಿಸಿತ್ತು.

ಕೋಲ್ಕತ ಹಾಗೂ ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು 2025ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಅದರಲ್ಲಿ ಮತ್ತೊಂದು ಮಾತೂ ಇದೆ: ಶಾಲೆಯಲ್ಲಿ ಲೆಕ್ಕ ಕಲಿತ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಹಿಂದೆ ಬಿದ್ದರು. ಒಂದೆಡೆಯ ಬಲವು ಇನ್ನೊಂದೆಡೆಗೆ ತಾನಾಗಿ ಹರಿದುಬರುವುದಿಲ್ಲ. ಅದಕ್ಕೆ ಕಾಲುವೆಯನ್ನು ತೆಗೆಯಬೇಕಾದವರು ಶಿಕ್ಷಕರು. ಬೀಳಗಿಯ ವಾರದ ಸಂತೆಯಲ್ಲಿ ತಾಯಿಯ ಪಕ್ಕಕ್ಕೆ ಕುಳಿತು ಪಾವು ಕಿಲೋ, ಅರ್ಧ ಕಿಲೋ ತೂಗಿಕೊಡುವ ಹುಡುಗಿಗೆ ಭಿನ್ನರಾಶಿಯ ಪಾಠವನ್ನು ಎಲ್ಲಿಂದ ಆರಂಭಿಸಬೇಕೆಂಬುದು ಈ ಓದಿನಿಂದ ಸ್ಪಷ್ಟವಾಗುತ್ತದೆ. ಆದರೆ ಅಲ್ಲಿಂದ ಆರಂಭಿಸಿ ಅಲ್ಲಿಯೇ ನಿಲ್ಲಿಸಿದರೂ ಸಾಲದು. ಅವಳು ಬಾಯಲ್ಲಿ ಮಾಡಿದ ಲೆಕ್ಕವನ್ನು ಹಲಗೆಯ ಮೇಲೆ ಅಂಕಿಗಳಲ್ಲಿ ಬರೆದು, ಎರಡೂ ಒಂದೇ ಎಂದು ಅವಳೇ ಕಾಣುವಂತೆ ಮಾಡಬೇಕು.

(ಆ) ತಪ್ಪು ಉತ್ತರದ ಅರ್ಥ. 52ರಲ್ಲಿ 27ನ್ನು ಕಳೆದರೆ 35 ಎಂದು ಬರೆಯುವ ಮಕ್ಕಳನ್ನು ಎಲ್ಲ ಶಿಕ್ಷಕರೂ ಬಲ್ಲರು. ಇದು ಅಜಾಗರೂಕತೆಯೆಂದು ಸಾಮಾನ್ಯ ನಂಬಿಕೆ. 1978ರಲ್ಲಿ ಅಮೆರಿಕದ ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು ವ್ಯವಕಲನದ ತಪ್ಪುಗಳನ್ನು ವಿಶ್ಲೇಷಿಸಿ, ಅನೇಕ ತಪ್ಪುಗಳ ಹಿಂದೆ ಮಗುವು ತಪ್ಪದೆ ಅನುಸರಿಸುವ ಒಂದು ನಿಯಮವಿರುತ್ತದೆಂದು ತೋರಿಸಿದರು. ಮೇಲಿನ ಉತ್ತರದಲ್ಲಿ ಮಗುವು ‘ದೊಡ್ಡ ಅಂಕಿಯಿಂದ ಸಣ್ಣ ಅಂಕಿಯನ್ನು ಕಳೆಯಬೇಕು’ ಎಂದು ತಾನು ಕೇಳಿದ ಮಾತನ್ನು ಪ್ರತಿಯೊಂದು ಸ್ಥಾನಕ್ಕೂ ಅನ್ವಯಿಸಿದೆ. ಆದುದರಿಂದ 7ರಲ್ಲಿ 2ನ್ನು ಕಳೆದಿದೆ. ನೂರ ಐದು ಎಂಬುದನ್ನು 1005 ಎಂದು ಬರೆಯುವ ಮಗುವೂ ಕಿವಿಗೆ ಬಿದ್ದ ಕ್ರಮದಲ್ಲಿಯೇ ನೂರನ್ನು ಬರೆದು ಐದನ್ನು ಬರೆದಿರುತ್ತದೆ. ಇಂಥ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕಗಳನ್ನು ಕೊಟ್ಟರೆ ಇಪ್ಪತ್ತು ಸಲ ಅದೇ ತಪ್ಪು ಅಭ್ಯಾಸವಾಗುತ್ತದೆ. ಕಡ್ಡಿಗಳನ್ನು ಹತ್ತು ಹತ್ತರಂತೆ ಕಟ್ಟಿಸಿ, ಒಂದು ಕಟ್ಟನ್ನು ಬಿಚ್ಚಿ ಕಳೆಯಿಸಿದಾಗ ನಿಯಮವು ತಿದ್ದಿಕೊಳ್ಳುವ ಸಂಭವವಿದೆ.

(ಇ) ನೆನಪಿನಲ್ಲಿ ಉಳಿಯುವುದು. ಪಾಠವನ್ನು ಮತ್ತೆ ಮತ್ತೆ ಓದಿಸಿದರೆ ನೆನಪು ಉಳಿಯುವುದೆಂಬುದು ನಮ್ಮ ಶಾಲೆಗಳ ಬಲವಾದ ನಂಬಿಕೆ. ಸೇಂಟ್ ಲೂಯಿಸ್ ನಗರದ ವಾಷಿಂಗ್‌ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವು ಈ ನಂಬಿಕೆಯನ್ನು ಪರೀಕ್ಷಿಸಿತು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದು ಭಾಗವನ್ನು ಒಮ್ಮೆ ಓದಿ, ಪುಸ್ತಕವನ್ನು ನೋಡದೆ ನೆನಪಿದ್ದುದನ್ನು ಬರೆದರು. ಐದು ನಿಮಿಷಗಳ ಅನಂತರ ಎರಡು ಸಲ ಓದಿದುದೇ ಮೇಲಾಯಿತು: ನೂರಕ್ಕೆ 81, ಇನ್ನೊಂದು 75. ಒಂದು ವಾರದ ಅನಂತರ ಫಲವು ತಿರುವುಮುರುವಾಯಿತು: ಎರಡು ಸಲ ಓದಿದುದರಲ್ಲಿ 42 ಉಳಿದಿತ್ತು; ನೆನಪಿಸಿಕೊಂಡು ಬರೆದುದರಲ್ಲಿ 56.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ನೆನಪಿಸಿಕೊಳ್ಳುವುದೆಂದರೆ ಬಾಯಿಪಾಠವಲ್ಲ. ಇಡೀ ತರಗತಿಯು ರಾಗವಾಗಿ ಮಗ್ಗಿಯನ್ನು ಹೇಳುವಾಗ ಅರ್ಧ ಮಕ್ಕಳು ಪಕ್ಕದವರ ದನಿಯನ್ನು ಅನುಸರಿಸುತ್ತಿರಬಹುದು. ಪ್ರತಿಯೊಂದು ಮಗುವೂ ತನ್ನ ಪಾಟಿಯ ಮೇಲೆ, ಯಾರನ್ನೂ ನೋಡದೆ, ನಿನ್ನೆಯ ಪಾಠದ ಮೂರು ಮಾತುಗಳನ್ನು ಬರೆಯುವುದು ಬೇರೆಯೇ ಕೆಲಸ. ಎರಡನೆಯದಾಗಿ, ಆ ಪ್ರಯೋಗಕ್ಕೆ ಒಳಪಟ್ಟವರು ಕಾಲೇಜಿನ ವಿದ್ಯಾರ್ಥಿಗಳು. ಮೂರನೆಯ ತರಗತಿಯ ಮಗುವಿಗೆ ಅದು ಎಷ್ಟು ಅನ್ವಯಿಸುವುದೆಂಬುದನ್ನು ಶಿಕ್ಷಕರು ತಮ್ಮ ತರಗತಿಯಲ್ಲಿಯೇ ನೋಡಿಕೊಳ್ಳಬೇಕು.

(ಈ) ಮನೆಯ ಮಾತು ಮತ್ತು ಪುಸ್ತಕದ ಮಾತು. ಬೀಳಗಿಯ ಮಗುವು ಪಠ್ಯಪುಸ್ತಕದ ಕನ್ನಡವನ್ನು ಮನೆಯಲ್ಲಿ ಆಡುವುದಿಲ್ಲ. ‘ಕಟ್ಟಿಗಿ ತೇಲತೈತಿ, ಕಲ್ಲ ಮುಳಗತೈತಿ’ ಎಂದು ಹೇಳಿದ ಮಗುವನ್ನು ‘ತೇಲುತ್ತದೆ, ಮುಳುಗುತ್ತದೆ’ ಎಂದು ಮೊದಲು ತಿದ್ದಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಅದರೊಡನೆ ವಿಚಾರವೂ ನಿಲ್ಲುತ್ತದೆ. ‘ಹಂಗಾರ ಅಷ್ಟ ದೊಡ್ಡ ದೋಣಿ ಯಾಕ ಮುಳಗಂಗಿಲ್ಲ?’ ಎಂದು ಶಿಕ್ಷಕರು ಅದೇ ಮಾತಿನಲ್ಲಿ ಕೇಳಿದರೆ ಮಗುವು ಮುಂದೆ ಯೋಚಿಸಬೇಕಾಗುತ್ತದೆ. ಮಾತು ಹಾಗೂ ವಿಚಾರಗಳು ಒಂದನ್ನೊಂದು ಬೆಳೆಸುವ ಬಗೆಯನ್ನು ರಷ್ಯದ ವೈಗಾಟ್‌ಸ್ಕಿಯ 1934ರ ಗ್ರಂಥವು ವಿವರಿಸಿತು. ಇಂಗ್ಲೆಂಡಿನ ಡಗ್ಲಸ್ ಬಾರ್ನ್ಸ್ 1976ರಲ್ಲಿ, ಹುಡುಕುವ ಮಾತು ಬೇರೆ, ಹುಡುಕಿದ ಮೇಲೆ ಒಪ್ಪವಾಗಿ ಹೇಳುವ ಮಾತು ಬೇರೆ ಎಂದು ವಿಂಗಡಿಸಿದನು. ಹುಡುಕುವಾಗ ಮನೆಯ ಮಾತು, ಕೊನೆಗೆ ಬರೆಯುವಾಗ ಪುಸ್ತಕದ ಮಾತು ಎಂಬ ಕ್ರಮವು ನಮ್ಮ ಪ್ರದೇಶಕ್ಕೆ ಬಹಳ ಉಪಯುಕ್ತವೆಂದು ನಮ್ಮ ಅಭಿಪ್ರಾಯ.

5. ಓದಿದುದೆಲ್ಲ ಸತ್ಯವಲ್ಲ

ಸ್ವತಂತ್ರ ಓದಿನ ಇನ್ನೊಂದು ಪ್ರಯೋಜನವು ಎಚ್ಚರ. ಕೆಲವು ಮಕ್ಕಳು ಕಣ್ಣಿನಿಂದ, ಕೆಲವರು ಕಿವಿಯಿಂದ, ಕೆಲವರು ಕೈಯಿಂದ ಕಲಿಯುವವರು. ಆಯಾ ಶೈಲಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬ ಮಾತು ಶಿಕ್ಷಣದ ಬರಹಗಳಲ್ಲಿ ಬಹಳ ಪ್ರಚಾರದಲ್ಲಿದೆ. 2008ರಲ್ಲಿ ಪ್ಯಾಶ್ಲರ್ ಮತ್ತು ಅವರ ಸಂಗಡಿಗರು ಇದನ್ನು ಕುರಿತ ಸಂಶೋಧನೆಗಳನ್ನು ಒಟ್ಟಾರೆ ಪರಿಶೀಲಿಸಿ, ಹಾಗೆ ವಿಂಗಡಿಸಿ ಕಲಿಸುವುದಕ್ಕೆ ತಕ್ಕ ಆಧಾರವಿಲ್ಲವೆಂದು ನಿರ್ಣಯಿಸಿದರು. ಓದಿದುದರಲ್ಲಿ ನೂರಕ್ಕೆ 10, ಕೇಳಿದುದರಲ್ಲಿ 20, ಮಾಡಿದುದರಲ್ಲಿ 90 ನೆನಪಿರುವುದೆಂದು ತೋರಿಸುವ ತ್ರಿಕೋನಾಕಾರದ ಚಿತ್ರವೂ ಇಂಥದೇ. ಇದನ್ನು ಎಡ್ಗರ್ ಡೇಲನ ಹೆಸರಿನಿಂದ ಕೊಡುವುದುಂಟು. 1946ರಲ್ಲಿ ಅವನು ಪ್ರಕಟಿಸಿದ ಅನುಭವದ ಶಂಕುವಿನಲ್ಲಿ ಈ ಅಂಕಿಗಳು ಇರಲೇ ಇಲ್ಲ.

ಆದುದರಿಂದ ಯಾವುದೇ ಸಿದ್ಧಾಂತವನ್ನು ಓದುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಪ್ರಯೋಗವು ಯಾರ ಮೇಲೆ ನಡೆಯಿತು? ಯಾವುದನ್ನು ಯಾವುದರೊಡನೆ ಹೋಲಿಸಲಾಯಿತು? ಕಲಿತ ಎಷ್ಟು ದಿನಗಳ ಮೇಲೆ ಪರೀಕ್ಷಿಸಲಾಯಿತು? ಬೇರೆಯವರು ಅದನ್ನು ಮಾಡಿ ನೋಡಿದಾಗಲೂ ಅದೇ ಫಲ ಬಂದಿತೆ? ಈ ಪ್ರಶ್ನೆಗಳನ್ನು ಕೇಳಬಲ್ಲ ಶಿಕ್ಷಕರು ಉಪನ್ಯಾಸಕಾರರ ಮಾತನ್ನು ಗೌರವದಿಂದ ಕೇಳಿಯೂ ತಮ್ಮ ನಿರ್ಣಯವನ್ನು ತಾವೇ ಮಾಡಿಕೊಳ್ಳುತ್ತಾರೆ.

6. ಸ್ವಾಧ್ಯಾಯದ ಕ್ರಮ

ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸ್ 1892ರಲ್ಲಿ ಶಿಕ್ಷಕರಿಗೆ ಮನಶ್ಶಾಸ್ತ್ರವನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟನು. ಅವು 1899ರಲ್ಲಿ ಪುಸ್ತಕರೂಪವಾಗಿ ಬಂದವು. ಮನಶ್ಶಾಸ್ತ್ರವು ವಿಜ್ಞಾನ, ಬೋಧನೆಯು ಕಲೆ. ವಿಜ್ಞಾನದಿಂದ ಕಲೆಯು ನೇರವಾಗಿ ಹುಟ್ಟುವುದಿಲ್ಲ, ನಡುವೆ ಕಲ್ಪಕವಾದ ಒಂದು ಮನಸ್ಸು ಬೇಕು ಎಂಬುದು ಅವನ ಮಾತಿನ ತಾತ್ಪರ್ಯ. ಜಾನ್ ಡ್ಯೂಯಿಯು 1910ರ ತನ್ನ ಗ್ರಂಥದಲ್ಲಿ, ವಿಚಾರವು ಹುಟ್ಟುವುದು ಒಂದು ತೊಡಕನ್ನು ಎದುರಿಸಿದಾಗ ಎಂದು ವಿವರಿಸಿದನು. ಇವೆರಡನ್ನೂ ಕೂಡಿಸಿ ನೋಡಿದರೆ ಶಿಕ್ಷಕರ ಓದಿಗೆ ಒಂದು ಕ್ರಮವು ದೊರೆಯುತ್ತದೆ.

ಮೊದಲನೆಯದು, ಪುಸ್ತಕದಿಂದ ಆರಂಭಿಸದೆ ತನ್ನ ತರಗತಿಯ ಒಂದು ತೊಡಕಿನಿಂದ ಆರಂಭಿಸುವುದು. ‘ನಾಲ್ಕನೆಯ ತರಗತಿಯ ಆರು ಮಕ್ಕಳು ಏಕೆ ಹೀಗೆಯೇ ಕಳೆಯುತ್ತಾರೆ?’ ಎಂಬಂಥ ಸಣ್ಣ, ಖಚಿತವಾದ ಪ್ರಶ್ನೆಯು ‘ಗಣಿತಬೋಧನೆಯ ಸಮಸ್ಯೆಗಳು’ ಎಂಬ ದೊಡ್ಡ ಪ್ರಶ್ನೆಗಿಂತ ಮೇಲು. ಎರಡನೆಯದು, ಸ್ವಲ್ಪವನ್ನೇ ಓದುವುದು. ವಾರಕ್ಕೆ ಹತ್ತು ಪುಟಗಳು ಸಾಕು. ಮೂರನೆಯದು, ಓದಿದುದರ ಸಾರವನ್ನು ಪುಸ್ತಕವನ್ನು ಮುಚ್ಚಿ, ತನ್ನ ಕನ್ನಡದಲ್ಲಿ ಐದಾರು ವಾಕ್ಯಗಳಾಗಿ ಬರೆಯುವುದು. ಮೂಲವು ಇಂಗ್ಲಿಷಿನಲ್ಲಿದ್ದರೆ ಈ ಹೆಜ್ಜೆಯು ಇನ್ನೂ ಮುಖ್ಯ. ಪಾರಿಭಾಷಿಕ ಪದದ ಹಿಂದೆ ಅಡಗಿಕೊಂಡ ಅಸ್ಪಷ್ಟತೆಯು ಆಡುಮಾತಿನಲ್ಲಿ ಹೇಳಹೊರಟಾಗ ಬಯಲಾಗುತ್ತದೆ. ನಾಲ್ಕನೆಯದು, ಆ ವಿಚಾರವು ನಿಜವಾದರೆ ನಾಳೆ ತನ್ನ ಮಕ್ಕಳು ಏನು ಮಾಡುವರೆಂದು ಮೊದಲೇ ಬರೆದಿಡುವುದು. ಐದನೆಯದು, ಮಾಡಿ ನೋಡಿ, ಮಕ್ಕಳ ಉತ್ತರಗಳನ್ನು ಇದ್ದಂತೆಯೇ, ಅವರ ಮಾತಿನಲ್ಲಿಯೇ ಗುರುತುಹಾಕಿಕೊಳ್ಳುವುದು. ಆರನೆಯದು, ಅದನ್ನು ಒಬ್ಬ ಸಹೋದ್ಯೋಗಿಯ ಮುಂದಿಡುವುದು.

ನಾಲ್ಕನೆಯ ಹೆಜ್ಜೆಯನ್ನು ಬಿಡಬಾರದೆಂದು ಒತ್ತಿಹೇಳುತ್ತೇವೆ. ಮೊದಲೇ ಬರೆದಿಡದಿದ್ದರೆ, ಫಲವು ಏನೇ ಬಂದರೂ ಅದು ನಮ್ಮ ನಂಬಿಕೆಗೆ ಅನುಕೂಲವಾಗಿಯೇ ಕಾಣುವುದು ಮನುಷ್ಯಸ್ವಭಾವ.

ಸಾಧನಗಳ ವಿಷಯ. ಗ್ರಾಮಪಂಚಾಯತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆಂಬ ಹೆಸರಿನಿಂದ ನಡೆಯುತ್ತಿವೆ, ಅಲ್ಲಿ ಶಿಕ್ಷಕರಿಗಾಗಿ ಒಂದು ಕಪಾಟನ್ನು ಕೇಳಿ ಪಡೆಯಬಹುದು. ಗಿಜುಭಾಯಿ ಬಧೇಕಾ (1885–1939) ಅವರು ಗುಜರಾತಿಯಲ್ಲಿ ಬರೆದ ‘ದಿವಾಸ್ವಪ್ನ’ದಂಥ ಸಣ್ಣ ಪುಸ್ತಕಗಳಿಂದ ತೊಡಗುವುದು ಸುಲಭ, ಒಬ್ಬ ಶಿಕ್ಷಕನು ನಾಲ್ಕನೆಯ ತರಗತಿಯಲ್ಲಿ ಮಾಡಿದ ಪ್ರಯೋಗಗಳನ್ನು ಅದು ಕಥೆಯ ರೂಪದಲ್ಲಿ ಹೇಳುತ್ತದೆ. ಜೇಮ್ಸ್ ಹಾಗೂ ಡ್ಯೂಯಿಯ ಗ್ರಂಥಗಳು ಅಂತರಜಾಲದಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಸಮೂಹ ಸಂಪನ್ಮೂಲ ಕೇಂದ್ರದ ಸಭೆಗಳಲ್ಲಿ ಅಂಕಿ-ಅಂಶಗಳ ಕೆಲಸ ಮುಗಿದ ಮೇಲೆ ಅರ್ಧ ಗಂಟೆಯನ್ನು ಇಂಥ ಚರ್ಚೆಗೆ ಮೀಸಲಿಟ್ಟರೆ ಓದುವವರ ಒಂಟಿತನವು ಕಡಮೆಯಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ವೃತ್ತಿವಿಕಾಸಕ್ಕೆ ಕೊಡಬೇಕೆಂದು ಹೇಳಿತು. ವಾರಕ್ಕೆ ಒಂದು ಗಂಟೆಯ ಓದು ಅಷ್ಟೇ ಆಗುತ್ತದೆ. ಅದಕ್ಕೆ ಪ್ರಯಾಣದ ಭತ್ಯೆಯೂ ಬೇಕಿಲ್ಲ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಇಬ್ಬರು ಶಿಕ್ಷಕರು ಐದು ತರಗತಿಗಳನ್ನು ನೋಡಿಕೊಳ್ಳುವ ಶಾಲೆಯಲ್ಲಿ, ಬಿಸಿಯೂಟದ ಲೆಕ್ಕ, ಗಣತಿಯ ಕೆಲಸ ಇವೆಲ್ಲದರ ನಡುವೆ ಓದಿಗೆ ಬಿಡುವೆಲ್ಲಿ ಎಂದು ಕೇಳುವುದು ನ್ಯಾಯವೇ. ಈ ಹೊರೆಯನ್ನು ಇಳಿಸುವುದು ಆಡಳಿತದ ಕರ್ತವ್ಯ. ಸ್ವಾಧ್ಯಾಯದ ಹೆಸರಿನಲ್ಲಿ ಅದನ್ನು ಮರೆಯಿಸಲು ನಾವು ಒಪ್ಪುವುದಿಲ್ಲ. ಆದರೂ ತಪ್ಪಿನ ಮೂಲವನ್ನು ಒಮ್ಮೆ ಕಂಡುಕೊಂಡ ಶಿಕ್ಷಕರಿಗೆ ಅದೇ ಪಾಠವನ್ನು ಹತ್ತು ಸಲ ಹೇಳುವ ಶ್ರಮ ಉಳಿಯುತ್ತದೆ. ಓದಿಗೆ ಕೊಟ್ಟ ವೇಳೆಯಲ್ಲಿ ಒಂದು ಪಾಲು ಹೀಗೆ ಹಿಂದಿರುಗುತ್ತದೆ.

7. ಉಪಸಂಹಾರ

ಮೇಲಿನ ವಿವೇಚನೆಯ ಸಾರವಿಷ್ಟು. ವಿಚಾರ ಹಾಗೂ ಕಲಿಕೆಗಳನ್ನು ಕುರಿತ ಪುಸ್ತಕವು ಶಿಕ್ಷಕರಿಗೆ ಸಿದ್ಧವಾದ ಉತ್ತರವನ್ನು ಕೊಡುವುದಿಲ್ಲ. ಮಗುವಿನ ಉತ್ತರವನ್ನು ಓದುವ ಕಣ್ಣನ್ನು ಕೊಡುತ್ತದೆ. ರೆಸಿಫೆಯ ಬೀದಿಯಲ್ಲಿಯೋ ಸೇಂಟ್ ಲೂಯಿಸಿನ ಪ್ರಯೋಗಶಾಲೆಯಲ್ಲಿಯೋ ಕಂಡುದು ಬೀಳಗಿಯಲ್ಲಿ ಹಾಗೆಯೇ ನಡೆಯಬೇಕೆಂಬ ನಿಯಮವಿಲ್ಲ. ನಡೆಯುವುದೋ ಇಲ್ಲವೋ ಎಂಬುದನ್ನು ದಿನದಿನವೂ ನೋಡಬಲ್ಲವರು ತರಗತಿಯ ಶಿಕ್ಷಕರೇ. ಅವರು ನೋಡಿ ಬರೆದಿಟ್ಟ ಮಾತುಗಳು ನಮ್ಮಂಥ ವಿಭಾಗಗಳಿಗೂ ಬೇಕಾಗಿವೆ. ಕನ್ನಡದ ಮಕ್ಕಳು ಕನ್ನಡದಲ್ಲಿ ಹೇಗೆ ವಿಚಾರ ಮಾಡುತ್ತಾರೆಂಬುದನ್ನು ಪರದೇಶದ ಗ್ರಂಥಗಳು ನಮಗೆ ಹೇಳಲಾರವು. ತೊಡಗುವವರು ಈ ವಾರ ತಮ್ಮ ತರಗತಿಯಲ್ಲಿ ಕಂಡ ಒಂದು ತಪ್ಪು ಉತ್ತರವನ್ನು ಆಯ್ದುಕೊಂಡು, ಅದು ಹೇಗೆ ಬಂದಿತೆಂದು ಆ ಮಗುವನ್ನೇ ಕೇಳಿ, ಅದು ಹೇಳಿದುದನ್ನು ಬರೆದಿಟ್ಟುಕೊಳ್ಳಲಿ. ಯಾವ ಪುಸ್ತಕವನ್ನು ಓದಬೇಕೆಂಬುದನ್ನು ಆ ಬರಹವೇ ಸೂಚಿಸುವುದು.